ಕೂಬರ್ ಪೀಡಿಗೆ ಕೆಲಸಕ್ಕೆ ಹೋಗುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಕೂಬರ್ ಪೀಡಿ ಅಂತ ಒಂದು ಊರಿದೆ. ಅಲ್ಲಿ ಒಂದು ಸೀಸನ್ ಪೂರ್ತಿ, ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ, ಒಂದು ಮೋಟೆಲ್‌ನಲ್ಲಿ ರೂಮ್ ಕ್ಲೀನ್ ಮಾಡುವ ಕೆಲಸದಲ್ಲಿದ್ದೆ. ವಾಪಸ್ ಬಂದ ಮೇಲೆ ಹೋಗಬೇಕೆಂದಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಊರು ಎಷ್ಟು ದೂರ? ಹೇಗೆ ಹೋಗುವುದು?

ಅಡಿಲೇಡ್‌ನಿಂದ ಉತ್ತರಕ್ಕೆ 846 ಕಿಲೋಮೀಟರ್. ಸ್ಟುವರ್ಟ್ ಹೈವೇ ಹಿಡಿದರೆ ದಾರಿ ತಪ್ಪುವ ಮಾತೇ ಇಲ್ಲ, ಇರುವುದು ಒಂದೇ ರಸ್ತೆ. ಅದೇ ರಸ್ತೆಯಲ್ಲಿ ಇನ್ನೂ ಸುಮಾರು 690 ಕಿಲೋಮೀಟರ್ ಹೋದರೆ ಆಲಿಸ್ ಸ್ಪ್ರಿಂಗ್ಸ್. ಸ್ಟುವರ್ಟ್ ಹೈವೇ ಶುರುವಾಗುವ ಪೋರ್ಟ್ ಆಗಸ್ಟಾ ದಾಟಿದರೆ, ಆಲಿಸ್ ಸ್ಪ್ರಿಂಗ್ಸ್‌ವರೆಗೆ ಸಿಗುವ ದೊಡ್ಡ ಊರು ಅಂದರೆ ಕೂಬರ್ ಪೀಡಿಯೇ. ಆದರೂ ಜನಸಂಖ್ಯೆ ಸುಮಾರು 1,500 ಅಷ್ಟೇ.

ಅಡಿಲೇಡ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗುವ ಗ್ರೇಹೌಂಡ್ ಬಸ್ ಇಲ್ಲಿ ನಿಲ್ಲುತ್ತದೆ. ಸಣ್ಣ ವಿಮಾನ ಕೂಡ ಇದೆ. ನಾನು ಬಸ್ಸಿನಲ್ಲಿ ಹೋದೆ. ಸಂಜೆ ಹತ್ತಿ ಬೆಳಗಿನ ಜಾವ ಇಳಿದೆ. ಇಳಿದಾಗ ಕಂಡಿದ್ದು ಸಾಲುಸಾಲು ಬಿಳಿ ಮಣ್ಣಿನ ಗುಡ್ಡೆ. ದೊಡ್ಡ ದೊಡ್ಡ ಇರುವೆಗೂಡುಗಳ ಹಾಗೆ. ಊರೆಲ್ಲಿ ಅಂತ ಹುಡುಕಿದೆ. ಊರು ನಮ್ಮ ಕಾಲ ಕೆಳಗಿತ್ತು.

ಅಷ್ಟು ದೂರದ ಬೆಂಗಾಡಿನಲ್ಲಿ ಊರು ಯಾಕೆ ಹುಟ್ಟಿತು?

ಓಪಲ್ ಎಂಬ, ಬಣ್ಣ ಮಿಂಚುವ ರತ್ನದ ಕಲ್ಲಿನಿಂದ. 1915ರ ಫೆಬ್ರವರಿ 1ರಂದು, ಅಪ್ಪನ ತಂಡದ ಜೊತೆ ಚಿನ್ನ ಹುಡುಕುತ್ತಾ ಬಂದಿದ್ದ ವಿಲ್ಲಿ ಹಚಿಸನ್ ಎಂಬ 14 ವರ್ಷದ ಹುಡುಗನಿಗೆ ಓಪಲ್ ಸಿಕ್ಕಿತು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರೂ ಗಣಿ ತೋಡಲು ಬಂದರು. ಬಿಸಿಲು ತಾಳಲಾರದೆ ಗುಡ್ಡದೊಳಗೇ ಕೊರೆದುಕೊಂಡು ಇರತೊಡಗಿದರು. 1920ರಲ್ಲಿ ಊರಿಗೆ ಈಗಿನ ಹೆಸರು ಬಂತು. 'ಕುಪ ಪಿಟಿ' ಎಂಬ ಮೂಲನಿವಾಸಿಗಳ ಮಾತಿನಿಂದ ಬಂದ ಹೆಸರು. ಅದನ್ನು 'ಬಿಳಿಯರ ಗುಂಡಿ' ಅಂತ ಅರ್ಥ ಮಾಡುತ್ತಾರೆ.

ನಿಜವಾಗಲೂ ನೆಲದೊಳಗೆ ಮನೆಗಳಿವೆಯಾ? ಉಸಿರು ಕಟ್ಟುವುದಿಲ್ಲವಾ?

ಇವೆ. 'ಡಗೌಟ್' ಅನ್ನುತ್ತಾರೆ. ಎಲ್ಲರೂ ಡಗೌಟ್‌ನಲ್ಲೇ ಇರುವುದಿಲ್ಲ, ನೆಲದ ಮೇಲಿನ ಮನೆಗಳೂ ಬೇಕಾದಷ್ಟಿವೆ. ಆದರೆ ಚರ್ಚು, ಪುಸ್ತಕದಂಗಡಿ, ಮೋಟೆಲ್ ಎಲ್ಲವೂ ಒಳಗೇ ಇರುವುದನ್ನು ನೋಡಬಹುದು. ಸರ್ಬಿಯನ್ ಆರ್ಥೊಡಾಕ್ಸ್ ಚರ್ಚನ್ನು ಗುಡ್ಡದೊಳಗೆ ಕೊರೆದಿರುವುದು ನೋಡಿದರೆ ನಮ್ಮ ಗುಹಾ ದೇವಾಲಯಗಳು ನೆನಪಾಗುತ್ತವೆ.

ಮಣ್ಣುಗುಡಿಸಲಿನ ಕತ್ತಲೆ ಕೋಣೆ ಅಂತ ಊಹಿಸಿಕೊಳ್ಳಬೇಡಿ. ಗುಡ್ಡದ ಪಕ್ಕದಿಂದ ಅಡ್ಡಡ್ಡ ಕೊರೆದಿರುತ್ತಾರೆ. ಮುಂದುಗಡೆ ಮಾಮೂಲಿ ಬಾಗಿಲು, ಕಿಟಕಿ. ಒಳಗೆ ಹೋದ ಹಾಗೆ ಗೋಡೆ, ಛಾವಣಿ ಎಲ್ಲ ಒಂದೇ ಬಂಡೆ. ತಿಳಿಗುಲಾಬಿ, ಕೆನೆ, ಇಟ್ಟಿಗೆ ಬಣ್ಣದ ಪಟ್ಟೆಗಳು. ಕೊರೆಯುವ ಯಂತ್ರದ ಹಲ್ಲು ಎಳೆದ ಬಳೆಬಳೆ ಗುರುತು ಹಾಗೇ ಇರುತ್ತದೆ. ಪುಡಿ ಉದುರದ ಹಾಗೆ ಮೇಲೆ ಒಂದು ಲೇಪ ಹೊಡೆದಿರುತ್ತಾರೆ. ಗಾಳಿಗೆ ಛಾವಣಿಯಿಂದ ಮೇಲಕ್ಕೆ ಕೊಳವೆ ಇರುತ್ತದೆ. ಉಸಿರು ಕಟ್ಟುವುದಿಲ್ಲ.

ಹೊರಗೆ 45 ಡಿಗ್ರಿ ಇರಲಿ, 5 ಡಿಗ್ರಿ ಇರಲಿ, ಒಳಗೆ ವರ್ಷವಿಡೀ 23ರ ಆಸುಪಾಸು. ಫ್ಯಾನೂ ಬೇಡ, ಹೀಟರೂ ಬೇಡ. ನಾನು ಆರು ತಿಂಗಳು ಒಂದೇ ತೆಳು ಹೊದಿಕೆಯಲ್ಲಿ ಮಲಗಿದೆ.

ಅಭ್ಯಾಸ ಆಗಬೇಕಾದ್ದು ಕತ್ತಲೆ. ನನ್ನ ರೂಮಿಗೆ ಕಿಟಕಿ ಇರಲಿಲ್ಲ. ಲೈಟ್ ಆರಿಸಿದರೆ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಜೊತೆಗೆ ಮೌನ. ಮೊದಲ ವಾರ ಎಚ್ಚರವಾದಾಗ ನಡುರಾತ್ರಿಯೋ ಬೆಳಗೋ ಗೊತ್ತಾಗದೆ ಎದೆ ಡವಡವ ಅನ್ನುತ್ತಿತ್ತು. ಒಂದು ಸಣ್ಣ ನೈಟ್ ಲ್ಯಾಂಪ್ ತಂದಿಟ್ಟೆ, ಸರಿಹೋಯಿತು. ಎರಡನೇ ತಿಂಗಳಿಗೆ ಅಷ್ಟು ಗಾಢ ನಿದ್ದೆ ಹಿಂದೆಂದೂ ಮಾಡಿರಲಿಲ್ಲ ಅನ್ನಿಸಿತು. ಇಕ್ಕಟ್ಟು ಜಾಗ ಕಂಡರೆ ತೀರಾ ಹೆದರುವವರಾದರೆ ಮಾತ್ರ ಮಾಲೀಕರಿಗೆ ಮೊದಲೇ ಹೇಳಿ, ಮೇಲಿನ ರೂಮ್ ಕೇಳಿ. ನಾಚಿಕೆ ಬೇಡ.

ಯಾವ ವೀಸಾ ಬೇಕು?

ಭಾರತದ ಪಾಸ್‌ಪೋರ್ಟ್ ಇರುವವರಿಗೆ 2024ರಿಂದ 'ವರ್ಕ್ ಅಂಡ್ ಹಾಲಿಡೇ' ವೀಸಾ ತೆರೆದಿದೆ. ಸಬ್‌ಕ್ಲಾಸ್ 462. ವಯಸ್ಸು 18ರಿಂದ 30. ವರ್ಷಕ್ಕೆ 1,000 ಜನರಿಗೆ ಮಾತ್ರ ಅವಕಾಶ. ಅರ್ಜಿ ಜಾಸ್ತಿ ಇರುವುದರಿಂದ ಲಾಟರಿ ಎತ್ತುತ್ತಾರೆ. ಅದರಲ್ಲಿ ಹೆಸರು ಬಂದವರು ಮಾತ್ರ ಮುಂದಿನ ಅರ್ಜಿ ಹಾಕಬಹುದು. ಓದಿನ ದಾಖಲೆ, ಇಂಗ್ಲಿಷ್ ಪರೀಕ್ಷೆ, ಕೈಯಲ್ಲಿ ಒಂದಿಷ್ಟು ಹಣ ಇದೆ ಎಂಬ ಪುರಾವೆ ಎಲ್ಲ ಆಮೇಲೆ ಕೇಳುತ್ತಾರೆ.

ಒಂದು ಮಾತು ಒತ್ತಿ ಹೇಳುತ್ತೇನೆ. 'ಲಾಟರಿಯಲ್ಲಿ ನಿಮ್ಮ ಹೆಸರು ಬರುವ ಹಾಗೆ ಮಾಡುತ್ತೇವೆ' ಅಂತ ಒಬ್ಬ ಏಜೆಂಟ್ ನನ್ನ ಹತ್ತಿರ ದುಡ್ಡು ಕೇಳಿದ್ದ. ಲಾಟರಿ ಎತ್ತುವುದು ಕಂಪ್ಯೂಟರ್. ಯಾರ ಕೈಯಲ್ಲೂ ಇಲ್ಲ. ಲಾಟರಿಗೆ ಸೇರುವ ಶುಲ್ಕ 25 ಡಾಲರ್ ಅಷ್ಟೇ. ಆಸ್ಟ್ರೇಲಿಯಾದ ಗೃಹ ಇಲಾಖೆಯ ವೆಬ್‌ಸೈಟ್‌ನಲ್ಲಿ ನೀವೇ ಅರ್ಜಿ ಹಾಕಿ.

ಇಷ್ಟು ದೂರದ ಊರನ್ನೇ ಯಾಕೆ ಆರಿಸಬೇಕು? ಸಿಡ್ನಿಯಲ್ಲೇ ಇರಬಾರದಾ?

ಇರಬಹುದು. ಆದರೆ ಎರಡನೇ ವರ್ಷದ ವೀಸಾ ಬೇಕೆಂದರೆ ಮೊದಲ ವೀಸಾದಲ್ಲಿ 3 ತಿಂಗಳು 'ನಿಗದಿತ ಕೆಲಸ' ಮಾಡಿರಬೇಕು. ಮೂರನೆಯದಕ್ಕೆ ಇನ್ನೂ 6 ತಿಂಗಳು. 2021ರ ಜೂನ್‌ನಿಂದ, ದೂರದ ಪ್ರದೇಶಗಳಲ್ಲಿ ಮಾಡುವ ಪ್ರವಾಸೋದ್ಯಮ ಮತ್ತು ಹೋಟೆಲ್ ಕೆಲಸವೂ ಇದಕ್ಕೆ ಲೆಕ್ಕ. ಕೂಬರ್ ಪೀಡಿಯ ಪಿನ್‌ಕೋಡ್ 5723 ಆ ಪ್ರದೇಶಗಳ ಪಟ್ಟಿಯಲ್ಲಿದೆ. ಕೆಲಸಕ್ಕೆ ಸೇರುವ ದಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ. ಸಂಬಳದ ಚೀಟಿ ಒಂದೂ ಬಿಡದೆ ಎತ್ತಿಡಿ. ಎರಡನೇ ಅರ್ಜಿ ಹಾಕುವಾಗ ಅವೇ ಸಾಕ್ಷಿ. ಒಬ್ಬ ಮಾಲೀಕರ ಹತ್ತಿರ ಸಾಮಾನ್ಯವಾಗಿ 6 ತಿಂಗಳವರೆಗೆ ಕೆಲಸ ಮಾಡಬಹುದು, ಒಂದು ಸೀಸನ್‌ಗೆ ಅದು ಸರಿಹೊಂದುತ್ತದೆ.

ವೀಸಾ ಬಿಟ್ಟು ಇನ್ನೊಂದು ಕಾರಣವೂ ಇದೆ. ಖರ್ಚು ಮಾಡಲು ಜಾಗವೇ ಇಲ್ಲ. ದುಡ್ಡು ಉಳಿಯುತ್ತದೆ.

ಯಾವ ಕೆಲಸ ಸಿಗುತ್ತದೆ? ಯಾವಾಗ ಹೋಗಬೇಕು?

ಮೋಟೆಲ್, ಕ್ಯಾರವಾನ್ ಪಾರ್ಕ್, ಅಡುಗೆಮನೆ, ಬಾರ್, ಪೆಟ್ರೋಲ್ ಬಂಕ್, ಓಪಲ್ ಅಂಗಡಿ. ಪ್ರವಾಸಿಗರು ಜಾಸ್ತಿ ಬರುವುದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಅಂದರೆ ಅಲ್ಲಿನ ಚಳಿಗಾಲದ ಎರಡೂ ಕಡೆ. ಫೆಬ್ರವರಿ, ಮಾರ್ಚ್‌ನಲ್ಲೇ ಫೋನ್ ಮಾಡಿ ಮಾತಾಡಿ. ಬೇಸಿಗೆಯಲ್ಲಿ ಕೆಲವು ಅಂಗಡಿಗಳು ಬಾಗಿಲು ಹಾಕುತ್ತವೆ. ಊರವರಲ್ಲೂ ಹಲವರು ತಂಪಾದ ಕಡೆ ಹೋಗಿಬಿಡುತ್ತಾರೆ.

ರೂಮ್ ಕ್ಲೀನಿಂಗ್ ಬಗ್ಗೆ ಹೇಳುವುದಾದರೆ, ಅರ್ಧ ಕೆಲಸ ಧೂಳಿನ ಜೊತೆ. ಅದು ಗೋಧಿ ಹಿಟ್ಟಿನಷ್ಟು ನಯ, ಬಣ್ಣ ಮಾತ್ರ ಕೆಂಚು. ಒಬ್ಬರ ಶೂಗಳಿಂದ ಇಡೀ ಕಾರ್ಪೆಟ್‌ಗೆ ಹರಡುತ್ತದೆ. ಒದ್ದೆ ಬಟ್ಟೆಯಲ್ಲಿ ಮೊದಲೇ ಒರೆಸಿದರೆ ಕೆಸರಾಗಿ ಬಳಿದುಕೊಳ್ಳುತ್ತದೆ. ಮೊದಲು ಒಣ ಬ್ರಷ್, ಆಮೇಲೆ ವ್ಯಾಕ್ಯೂಮ್, ಕೊನೆಗೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ. ನನ್ನ ಜೊತೆಗಿದ್ದ ಹಿರಿಯ ಹೆಂಗಸು ಇದನ್ನು ಕಲಿಸಲು ಒಂದು ಪೂರ್ತಿ ಬೆಳಗ್ಗೆ ಕೊಟ್ಟರು. ಬಾಗಿಲು ತೆರೆದಿಟ್ಟು ಹಾಸಿಗೆ ಹಾಸಿದರೆ ಬೈಯುತ್ತಿದ್ದರು. ಬಿಳಿ ಬೆಡ್‌ಶೀಟ್ ಮೇಲೆ ಬೆರಳಾಡಿಸಿ ತೋರಿಸಿದ ಆ ಕೆಂಪು ಗೆರೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸಂಬಳ, ತೆರಿಗೆ ಹೇಗೆ?

2025ರ ಜುಲೈ 1ರಿಂದ ದೇಶದ ಕನಿಷ್ಠ ಕೂಲಿ ಗಂಟೆಗೆ 24.95 ಆಸ್ಟ್ರೇಲಿಯನ್ ಡಾಲರ್. ಪ್ರತಿ ಜುಲೈನಲ್ಲಿ ಬದಲಾಗುತ್ತದೆ. ರಜೆ ಇಲ್ಲದ 'ಕ್ಯಾಶುಯಲ್' ಕೆಲಸವಾದರೆ ಅದರ ಮೇಲೆ 25 ಶೇಕಡಾ ಜಾಸ್ತಿ ಕೊಡಬೇಕು. ಈ ವೀಸಾದವರಿಗೆ ಮೊದಲ ಡಾಲರ್‌ನಿಂದಲೇ 15 ಶೇಕಡಾ ತೆರಿಗೆ, 45,000 ಡಾಲರ್‌ವರೆಗೆ. ಹೋದ ಕೂಡಲೇ ಟ್ಯಾಕ್ಸ್ ಫೈಲ್ ನಂಬರ್ ಮಾಡಿಸಿಕೊಳ್ಳಿ. ಅದಿಲ್ಲದಿದ್ದರೆ ತುಂಬಾ ಜಾಸ್ತಿ ಹಿಡಿಯುತ್ತಾರೆ.

ಮಾಲೀಕರು ರೂಮ್ ಕೊಟ್ಟು ಸಂಬಳದಲ್ಲಿ ಬಾಡಿಗೆ ಹಿಡಿಯುವುದು ಮಾಮೂಲು. ಎಷ್ಟು ಹಿಡಿಯುತ್ತಾರೆ, ವಾರಕ್ಕೆ ಕನಿಷ್ಠ ಎಷ್ಟು ಗಂಟೆ ಕೆಲಸ ಕೊಡುತ್ತಾರೆ, ಇವೆರಡನ್ನೂ ಬಸ್ ಟಿಕೆಟ್ ತೆಗೆಯುವ ಮುಂಚೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಪಕ್ಕದ ಊರಿಗೆ ಹೋಗಿ ಬೇರೆ ಕೆಲಸ ನೋಡುತ್ತೇನೆ ಅನ್ನಲು ಪಕ್ಕದ ಊರೇ ಇಲ್ಲ. ಮೋಸ ಆದರೆ, ಕೆಲಸಗಾರರ ಹಕ್ಕು ನೋಡಿಕೊಳ್ಳುವ ಫೇರ್ ವರ್ಕ್ ಒಂಬುಡ್ಸ್‌ಮನ್ ಎಂಬ ಸರ್ಕಾರಿ ಕಚೇರಿಗೆ ದೂರು ಕೊಡಬಹುದು. ವಿದೇಶಿಯರೂ ಕೊಡಬಹುದು.

ನೀರು?

ಈ ಪ್ರಶ್ನೆಯನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ. ಮೊದಲು ಕೇಳಬೇಕಾದ್ದು ಇದು.

ವರ್ಷಕ್ಕೆ ಬೀಳುವ ಮಳೆ ಸುಮಾರು 150 ಮಿಲಿಮೀಟರ್, ಕೆಲವು ವರ್ಷ ಅದೂ ಇಲ್ಲ. ಊರಿನಿಂದ 20 ಕಿಲೋಮೀಟರ್‌ಗೂ ಆಚೆ ಇರುವ ಕೊಳವೆಬಾವಿಯಿಂದ ಉಪ್ಪುನೀರು ಬರುತ್ತದೆ. ರಿವರ್ಸ್ ಆಸ್ಮೋಸಿಸ್‌ನಲ್ಲಿ ಸಿಹಿ ಮಾಡಿ ಮನೆಮನೆಗೆ ಕೊಡುತ್ತಾರೆ. ಕುಡಿಯಬಹುದು, ರುಚಿಯಾಗಿಯೇ ಇದೆ. ಆದರೆ ದುಬಾರಿ. ಕ್ಯಾರವಾನ್‌ನವರು ಬೀದಿಯಲ್ಲಿ ಕಾಸು ಹಾಕಿ ನೀರು ತುಂಬಿಸಿಕೊಳ್ಳುವ ನಲ್ಲಿ ಇದೆ.

ಹಾಗಾಗಿ ಸ್ನಾನಕ್ಕೆ ಹತ್ತು ನಿಮಿಷ ಶವರ್ ಬಿಟ್ಟುಕೊಂಡು ನಿಂತರೆ ಯಾರಿಗೂ ಹಿಡಿಸುವುದಿಲ್ಲ. ಬರಗಾಲದಲ್ಲಿ ಬಾವಿಯ ತಳ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಕೆಟ್ ಇಟ್ಟುಕೊಂಡು ಪಾತ್ರೆ ತೊಳೆದ ನೀರನ್ನು ಮುಂದಿನ ಗಿಡಕ್ಕೆ ಹಾಕುತ್ತಿದ್ದೆ. ಅದನ್ನು ನೋಡಿಯೇ ಪಕ್ಕದ ಮನೆಯವರು ನನ್ನ ಹೆಸರು ಕೇಳಿದ್ದು. ಊರಿನಲ್ಲಿ ಮೊದಲು ಕಂಡ ಮರ ತಗಡು, ಕಬ್ಬಿಣದ ಚೂರುಗಳನ್ನು ವೆಲ್ಡ್ ಮಾಡಿ ನಿಲ್ಲಿಸಿದ್ದು ಅಂತ ಹೇಳುತ್ತಾರೆ. ಆ ಕಬ್ಬಿಣದ ಮರ ಈಗಲೂ ಗುಡ್ಡದ ಮೇಲಿದೆ.

ಕರೆಂಟ್, ಮೊಬೈಲ್, ಇಂಟರ್‌ನೆಟ್?

ಊರು ದೇಶದ ವಿದ್ಯುತ್ ಜಾಲಕ್ಕೆ ಸೇರಿಲ್ಲ. ಗಾಳಿ, ಬಿಸಿಲು, ಡೀಸೆಲ್ ಮೂರನ್ನೂ ಸೇರಿಸಿ ಇಲ್ಲೇ ಕರೆಂಟ್ ಮಾಡುತ್ತಾರೆ. 2017ರಿಂದ ಬಹುಪಾಲು ಗಾಳಿ, ಬಿಸಿಲಿನದ್ದೇ. ಮೊಬೈಲ್‌ಗೆ ಟೆಲ್‌ಸ್ಟ್ರಾ ಸಿಮ್ ತೆಗೆದುಕೊಳ್ಳಿ. ಊರು ದಾಟಿದ ಮೇಲೆ ಗಂಟೆಗಟ್ಟಲೆ ಸಿಗ್ನಲ್ ಇರುವುದಿಲ್ಲ. ಡಗೌಟ್ ಒಳಗೂ ಸಿಗ್ನಲ್ ಸಿಗುವುದು ಕಷ್ಟ, ವೈಫೈ ಇದೆಯಾ ಕೇಳಿಕೊಳ್ಳಿ. ಮನೆಗೆ ಫೋನ್ ಮಾಡಲು ನಾನು ರಾತ್ರಿ ಜಾಕೆಟ್ ಹಾಕಿಕೊಂಡು ಗುಡ್ಡದ ಮೇಲೆ ಹೋಗಿ ಕೂರುತ್ತಿದ್ದೆ. ಅಲ್ಲಿನ ಸಮಯ ಭಾರತಕ್ಕಿಂತ ನಾಲ್ಕು ಗಂಟೆ ಮುಂದೆ, ಅಲ್ಲಿನ ಬೇಸಿಗೆಯಲ್ಲಿ ಐದು.

ಊಟದ್ದೇನು? ಸಸ್ಯಾಹಾರಿಗಳಿಗೆ ಕಷ್ಟವಾ?

ಹೊರಗಡೆ ತಿನ್ನುವುದಾದರೆ ಕಷ್ಟ. ಮನೆಯಲ್ಲಿ ಮಾಡಿಕೊಂಡರೆ ಏನೂ ತೊಂದರೆ ಇಲ್ಲ. ಸೂಪರ್‌ಮಾರ್ಕೆಟ್ ಇದೆ. ಅಕ್ಕಿ, ಬೇಳೆ, ಹಿಟ್ಟು, ಡಬ್ಬಿಯ ಕಾಳು ಸಿಗುತ್ತವೆ. ತರಕಾರಿ ಲಾರಿಯಲ್ಲಿ ಬರುತ್ತದೆ, ಬಂದ ದಿನವೇ ಹೋಗಿ. ಬೆಲೆ ಅಡಿಲೇಡ್‌ಗಿಂತ ಜಾಸ್ತಿ.

ಲಾರಿ ಬರದಿದ್ದರೆ? 2022ರ ಜನವರಿಯಲ್ಲಿ ಹಾಗೇ ಆಯಿತು. ದಕ್ಷಿಣದ ಕಡೆ ಭಾರೀ ಮಳೆಗೆ ಸ್ಟುವರ್ಟ್ ಹೈವೇ ಮುಳುಗಿ ಲಾರಿಗಳು ನಿಂತವು. ಕೊನೆಗೆ ವಾಯುಪಡೆಯ ವಿಮಾನದಲ್ಲಿ ಊಟದ ಸಾಮಾನು ತರಿಸಿದರು. ಮರುಭೂಮಿಯ ಊರಿಗೆ ಪ್ರವಾಹದಿಂದ ಹಸಿವು! ನನ್ನ ರೂಮಿನಲ್ಲಿ ಹತ್ತು ದಿನಕ್ಕಾಗುವಷ್ಟು ಅಕ್ಕಿ, ಬೇಳೆ ಯಾವಾಗಲೂ ಇರುತ್ತಿತ್ತು. ನೀವೂ ಇಟ್ಟುಕೊಳ್ಳಿ.

ಮನೆಯಿಂದ ಸಾರಿನ ಪುಡಿ, ಉಪ್ಪಿನಕಾಯಿ ಒಯ್ಯುವವರು ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಪ್ಪದೆ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ತೆಗೆದುಕೊಂಡು ಬಿಸಾಡುತ್ತಾರೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ದೊಡ್ಡದು, ವೀಸಾಗೂ ಕುತ್ತು ಬರಬಹುದು.

ಬಿಸಿಲು ತಾಳಬಹುದಾ? ಏನು ಬಟ್ಟೆ ಒಯ್ಯಲಿ?

ಡಿಸೆಂಬರ್, ಜನವರಿಯಲ್ಲಿ 40 ದಾಟುವುದು ಮಾಮೂಲು, 45 ದಾಟುವುದೂ ಉಂಟು. ಮಧ್ಯಾಹ್ನ ಡಗೌಟ್ ಬಾಗಿಲು ತೆರೆದರೆ ರೊಟ್ಟಿ ಹಂಚಿನ ಮೇಲೆ ಮುಖ ಇಟ್ಟ ಹಾಗೆ. ಕಾರಿನ ಬಾಗಿಲಿನ ಹಿಡಿ ಮುಟ್ಟಲಾಗುವುದಿಲ್ಲ. ಆದರೆ ಜೂನ್, ಜುಲೈನಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ನಡುಕ. ಅಲ್ಲಿ ಚಳಿ ಇರುತ್ತದೆ ಅಂತ ಯಾರೂ ನಂಬುವುದಿಲ್ಲ, ಸ್ವೆಟರ್ ಇಲ್ಲದೆ ಬರುತ್ತಾರೆ. ಒಯ್ಯಿರಿ. ಅಗಲ ಅಂಚಿನ ಟೋಪಿ, ತುಂಬುತೋಳಿನ ಹತ್ತಿ ಅಂಗಿ, ಗಟ್ಟಿ ಶೂ. ನೊಣಗಳಿಗೆ ತಲೆಯಿಂದ ಕುತ್ತಿಗೆವರೆಗೆ ಬರುವ ಬಲೆ ಅಲ್ಲೇ ಸಿಗುತ್ತದೆ. ಮೊದಲ ದಿನ ಹಾಕಿಕೊಳ್ಳಲು ಸಂಕೋಚ, ಎರಡನೇ ದಿನ ನೀವೇ ಹುಡುಕಿಕೊಂಡು ಹೋಗುತ್ತೀರಿ.

ಎಲ್ಲಕ್ಕಿಂತ ಅಪಾಯದ ವಿಷಯ ಯಾವುದು? ಹಾವಾ?

ಹಾವಲ್ಲ, ಗುಂಡಿ. ಊರಿನ ಸುತ್ತ ನೂರು ವರ್ಷದಿಂದ ತೋಡಿದ ಲಕ್ಷಾಂತರ ಗಣಿಬಾವಿಗಳಿವೆ. ಸುಮಾರು ಒಂದು ಮೀಟರ್ ಅಗಲ, ಆಳ ಹತ್ತಾರು ಮೀಟರ್. ಬೇಲಿ ಇಲ್ಲ, ಮುಚ್ಚಳ ಇಲ್ಲ. 'ಓಡಬೇಡಿ, ಹಿಂದಕ್ಕೆ ನಡೆಯಬೇಡಿ' ಅಂತ ಬೋರ್ಡ್ ಹಾಕಿದ್ದಾರೆ. ಹಿಂದಕ್ಕೆ ನಡೆಯಬೇಡಿ ಅಂತ ಯಾಕೆ ಅಂದರೆ, ಫೋಟೋ ತೆಗೆಯುವಾಗ ನಾವೆಲ್ಲ ಮಾಡುವುದು ಅದನ್ನೇ ಅಲ್ವಾ? ಗಣಿ ಪ್ರದೇಶದಲ್ಲಿ ರಸ್ತೆ ಬಿಟ್ಟು ಇಳಿಯಬೇಡಿ. ರಾತ್ರಿಯಂತೂ ಬೇಡವೇ ಬೇಡ. ಬೇರೆಯವರ ಗಣಿಗೆ ರಾತ್ರಿ ನುಗ್ಗಿ ಓಪಲ್ ಕದಿಯುವುದಕ್ಕೆ ಆಸ್ಟ್ರೇಲಿಯಾದ ಓಪಲ್ ಗಣಿಗಾರರಲ್ಲಿ 'ರ‍್ಯಾಟಿಂಗ್' ಅಂತ ಹೆಸರಿದೆ. ಕತ್ತಲಲ್ಲಿ ಗಣಿಯ ಹತ್ತಿರ ಕಂಡರೆ ನಿಮ್ಮನ್ನೂ ಹಾಗೇ ಅಂದುಕೊಳ್ಳುತ್ತಾರೆ.

ಎರಡನೆಯದು ರಸ್ತೆ. ಮುಸ್ಸಂಜೆಯಿಂದ ಬೆಳಗಿನವರೆಗೆ ಕಾಂಗರೂ, ಎಮು, ದನ ಅಡ್ಡ ಬರುತ್ತವೆ. ಊರಿನಿಂದ ಸುಮಾರು 30 ಕಿಲೋಮೀಟರ್ ಉತ್ತರದ ಬ್ರೇಕ್‌ಅವೇಸ್ ಗುಡ್ಡಗಳಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಗೆಳತಿಯ ಕಾರಿನಲ್ಲಿ ಹೋಗಿದ್ದೆವು. ಗುಡ್ಡದ ಬಿಳಿ, ಹಳದಿ, ಕೆಂಪು ಒಂದೊಂದಾಗಿ ಆರಿದವು. ನೋಡುತ್ತಾ ಹೊತ್ತು ಹೋಗಿದ್ದು ತಿಳಿಯಲಿಲ್ಲ. ವಾಪಸ್ ಬರುವಾಗ ಬೆಳಕಿನೊಳಗೆ ಒಂದು ಕಾಂಗರೂ ನೆಗೆದು ನಿಂತಿತು. ಗೆಳತಿ 50ರಲ್ಲಿ ಓಡಿಸುತ್ತಿದ್ದಳು, ಅದಕ್ಕೇ ಬದುಕಿದೆವು, ಅದೂ ಬದುಕಿತು. ಹೈವೇಯಲ್ಲಿ 50 ಮೀಟರ್‌ಗೂ ಉದ್ದದ ರೋಡ್‌ ಟ್ರೇನ್ ಲಾರಿಗಳು ಓಡುತ್ತವೆ, ಹಿಂದೆ ಹಾಕಲು ಆತುರ ಮಾಡಬೇಡಿ. ಮಳೆಯಾದರೆ ಮಣ್ಣುರಸ್ತೆಗಳನ್ನು ಮುಚ್ಚುತ್ತಾರೆ, ಮುಚ್ಚಿದ ರಸ್ತೆಗೆ ಇಳಿದರೆ ದಂಡ. ದಾರಿಯಲ್ಲಿ ಕಾರು ಕೆಟ್ಟರೆ ಕಾರನ್ನು ಬಿಟ್ಟು ನಡೆದು ಹೋಗಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ.

ಹುಷಾರು ತಪ್ಪಿದರೆ?

ಊರಲ್ಲಿ ಸಣ್ಣ ಆಸ್ಪತ್ರೆ ಇದೆ. ಗಂಭೀರವಾದರೆ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ವಿಮಾನದಲ್ಲಿ ಅಡಿಲೇಡ್‌ಗೆ ಒಯ್ಯುತ್ತಾರೆ. ತುರ್ತು ನಂಬರ್ 000. ಈ ವೀಸಾದಲ್ಲಿ ಹೋದ ಭಾರತೀಯರಿಗೆ ಮೆಡಿಕೇರ್ ಎಂಬ ಅಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯ ಸಿಗುವುದಿಲ್ಲ. ವಿಮೆ ಮಾಡಿಸದೆ ಹೋಗಲೇಬೇಡಿ. ಹೊರಡುವ ಮುಂಚೆ ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿಕೊಳ್ಳಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ವೈದ್ಯರ ಚೀಟಿ ಸಮೇತ ಒಯ್ಯಿರಿ.

ಹುಡುಗಿಯರು ಒಬ್ಬರೇ ಹೋಗಬಹುದಾ?

ಹೋಗುತ್ತಾರೆ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಹಾಗೆ ಬಂದವರೇ. ರೂಮಿಗೆ ಒಳಗಿನಿಂದ ಚಿಲಕ ಇದೆಯಾ, ಬಚ್ಚಲು ಯಾರ ಜೊತೆ ಹಂಚಿಕೊಳ್ಳಬೇಕು ಅಂತ ಮೊದಲೇ ಕೇಳಿ. ಹಿಂದೆ ಅಲ್ಲಿ ಕೆಲಸ ಮಾಡಿದ ಒಬ್ಬರ ಜೊತೆ ಮಾತಾಡಿಸಿ ಅನ್ನಿ. ಅಷ್ಟಕ್ಕೂ ಹಿಂಜರಿಯುವ ಮಾಲೀಕರಾದರೆ ಬೇರೆ ಕಡೆ ನೋಡಿ. ವಾಪಸ್ ಬರುವಷ್ಟು ಬಸ್ ಚಾರ್ಜ್ ಸದಾ ಕೈಯಲ್ಲಿರಲಿ.

ಜನ ಹೇಗೆ? ಬೇಜಾರಾಗುವುದಿಲ್ಲವಾ?

ಗ್ರೀಕರು, ಸರ್ಬಿಯನ್ನರು, ಕ್ರೊಯೇಷಿಯನ್ನರು, ಇಟಲಿಯವರು, ಹೀಗೆ ನಾನಾ ದೇಶದಿಂದ ಓಪಲ್ ಹುಡುಕುತ್ತಾ ಬಂದು ಉಳಿದವರು. ಎಲ್ಲರೂ ಎಲ್ಲಿಂದಲೋ ಬಂದವರಾದ್ದರಿಂದ ನೀವು ಎಲ್ಲಿಂದ ಬಂದಿರಿ ಅಂತ ಹೆಚ್ಚು ಕೆದಕುವುದಿಲ್ಲ.

ಆದರೆ ನೆಲ ಅವರೆಲ್ಲರಿಗಿಂತ ಮುಂಚೆ ಆಂಟಾಕಿರಿಂಜ ಮಟು-ಯಾಂಕುನಿಜಾಜರ ಜನರದ್ದು. 2011ರಲ್ಲಿ ನ್ಯಾಯಾಲಯವೂ ಅವರ ಹಕ್ಕನ್ನು ಒಪ್ಪಿತು. ಈ ಭಾಗದಲ್ಲಿ ಅಣುತ್ಯಾಜ್ಯ ಹೂಳಲು ಸರ್ಕಾರ ಹೊರಟಾಗ ಇಲ್ಲಿನ ಮೂಲನಿವಾಸಿ ಅಜ್ಜಿಯರು ಸೇರಿ 'ಕುಪ ಪಿಟಿ ಕುಂಗ್ಕ ಜುಟ' ಎಂಬ ಗುಂಪು ಕಟ್ಟಿ ವರ್ಷಗಟ್ಟಲೆ ಹೋರಾಡಿದರು. 2004ರಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಅಲ್ಲಿಗೆ ಹೋಗುವವರು ಈ ಅಜ್ಜಿಯರ ಬಗ್ಗೆ ತಿಳಿದುಕೊಂಡು ಹೋಗಬೇಕು ಅನ್ನುವುದು ನನ್ನ ಆಸೆ. ಮೂಲನಿವಾಸಿಗಳ ಫೋಟೋ ತೆಗೆಯುವ ಮುಂಚೆ ಕೇಳಿ.

ಬೇಜಾರು ಮೂರನೇ ವಾರಕ್ಕೆ ಬರುತ್ತದೆ. ಹೊಸತು ಮುಗಿದಿರುತ್ತದೆ, ಗೆಳೆತನ ಇನ್ನೂ ಆಗಿರುವುದಿಲ್ಲ. ಆಗ ರೂಮಿನಲ್ಲಿ ಕೂರಬೇಡಿ. ಕಾರಿನಲ್ಲೇ ಕೂತು ನೋಡುವ ಡ್ರೈವ್-ಇನ್ ಸಿನಿಮಾಕ್ಕೆ ಹೋಗಿ, ಕಾರಿಲ್ಲದಿದ್ದರೆ ಯಾರನ್ನಾದರೂ ಕೇಳಿ, ಕರೆದುಕೊಂಡು ಹೋಗುತ್ತಾರೆ. ಒಂದು ಹುಲ್ಲಿನ ಎಸಳೂ ಇಲ್ಲದ ಗಾಲ್ಫ್ ಮೈದಾನ ಇದೆ. ಚೆಂಡು ಇಟ್ಟು ಹೊಡೆಯಲು ಪ್ಲಾಸ್ಟಿಕ್ ಹುಲ್ಲಿನ ತುಂಡು ಕೈಯಲ್ಲಿ ಹಿಡಿದುಕೊಂಡೇ ತಿರುಗಬೇಕು. ಬೇಸಿಗೆಯಲ್ಲಿ ಹೊಳೆಯುವ ಚೆಂಡು ಇಟ್ಟುಕೊಂಡು ರಾತ್ರಿ ಆಡುತ್ತಾರೆ.

ನಾನೂ ಓಪಲ್ ಹುಡುಕಬಹುದಾ?

ಗಣಿ ತೋಡಲು ಪರ್ಮಿಟ್ ಬೇಕು. ಆದರೆ ಗಣಿಯಿಂದ ಮೇಲೆ ಸುರಿದ ಮಣ್ಣಿನಲ್ಲಿ ಕೈಯಿಂದ ಕೆದಕಿ ಹುಡುಕುವುದಕ್ಕೆ 'ನೂಡ್ಲಿಂಗ್' ಅನ್ನುತ್ತಾರೆ. ಸಾರ್ವಜನಿಕರಿಗೆಂದೇ ಊರೊಳಗೆ ಒಂದು ಜಾಗ ಬಿಟ್ಟಿದ್ದಾರೆ, ಅಲ್ಲಿ ಹುಡುಕಬಹುದು. ಬೇರೆ ಗುಡ್ಡೆಗೆ ಕೈ ಹಾಕಬೇಡಿ, ಪ್ರತಿ ಗುಡ್ಡೆಗೂ ಒಡೆಯರಿರುತ್ತಾರೆ.

ಭಾನುವಾರ ಬೆಳಗ್ಗೆ ನಾನೂ ಹೋಗುತ್ತಿದ್ದೆ. ಸಿಗುವುದೆಲ್ಲ ಹೆಚ್ಚಾಗಿ 'ಪಾಚ್', ಅಂದರೆ ಬಣ್ಣವಿಲ್ಲದ ಓಪಲ್, ಹಾಲುಗಲ್ಲಿನ ಹಾಗೆ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು, ನಲವತ್ತು ವರ್ಷ ಗಣಿಯಲ್ಲಿ ಕಳೆದವರು, ನಾನು ಎಸೆದ ಒಂದು ಚೂರನ್ನು ಎತ್ತಿಕೊಂಡರು. ನಾಲಿಗೆಯಿಂದ ನೆಕ್ಕಿದರು. ಧೂಳು ಹೋಗಿ ಕಲ್ಲು ಒದ್ದೆಯಾಯಿತು. ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ಅಂಚಿನಲ್ಲಿ ಕೂದಲೆಳೆಯಷ್ಟು ಹಸಿರು, ಅದರ ಹಿಂದೆಯೇ ಒಂದು ಚುಕ್ಕೆ ಕಿತ್ತಳೆ, ಮಿಂಚಿ ಮರೆಯಾದವು. ಮಾರಿದರೆ ಏನೂ ಬರುವುದಿಲ್ಲ ಅಂದರು. ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅದು ಈಗ ನೀರು ತುಂಬಿದ ಒಂದು ಸಣ್ಣ ಗಾಜಿನ ಸೀಸೆಯಲ್ಲಿ ನಮ್ಮ ಮನೆ ಕಿಟಕಿಯ ಮೇಲಿದೆ.

ವಾಪಸ್ ಬರುವಾಗ ಮಾಡಬೇಕಾದ್ದು ಏನಾದರೂ ಇದೆಯಾ?

ಮಾಲೀಕರು ಸಂಬಳದ ಜೊತೆಗೆ 12 ಶೇಕಡಾ ಹಣವನ್ನು ನಿಮ್ಮ ಹೆಸರಿನಲ್ಲಿ ಸೂಪರ್ ಅನ್ನುವ ನಿವೃತ್ತಿ ನಿಧಿಗೆ ಕಟ್ಟಿರುತ್ತಾರೆ. ದೇಶ ಬಿಟ್ಟು ವೀಸಾ ಮುಗಿದ ಮೇಲೆ ಅದನ್ನು ಕೇಳಿ ಪಡೆಯಬಹುದು. ಈ ವೀಸಾದವರಿಗೆ ಅದರಲ್ಲಿ 65 ಶೇಕಡಾ ತೆರಿಗೆ ಹೋಗುತ್ತದೆ. ಉಳಿದಿದ್ದು ನಿಮ್ಮ ದುಡ್ಡು, ಬಿಡಬೇಡಿ. ಅಲ್ಲಿನ ಬ್ಯಾಂಕ್ ಖಾತೆ ಮತ್ತು ಇಮೇಲ್ ಅಲ್ಲಿಯವರೆಗೆ ಮುಚ್ಚಬೇಡಿ. ನನಗೆ ಬರಲು ಕೆಲವು ವಾರ ಹಿಡಿಯಿತು.

ಬ್ಯಾಗನ್ನು ಮನೆಯೊಳಗೆ ತರುವ ಮುಂಚೆ ಅಂಗಳದಲ್ಲಿ ಒಮ್ಮೆ ಜೋರಾಗಿ ಕೊಡವಿ. ಆ ಕೆಂಪು ಧೂಳು ಜೇಬಿನ ಹೊಲಿಗೆಯಲ್ಲಿ, ಶೂ ಲೇಸಿನಲ್ಲಿ, ಪುಸ್ತಕದ ಹಾಳೆ ನಡುವೆ ಬಂದೇ ಬಂದಿರುತ್ತದೆ.